ಬಸಿರಿನಲ್ಲಿ ತಣ್ಣಗಾಗುವ ಎಂಎಸ್, ಬಾಣಂತನದಲ್ಲಿ ಮರಳಿದರೆ?

ಪ್ರಶ್ನೆ: ನನಗೆ 28 ವರ್ಷ. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರುವುದು ಗೊತ್ತಾಗಿ ನಾಲ್ಕು ವರ್ಷವಾಯಿತು. ಈಗ ಏಳು ತಿಂಗಳ ಬಸುರಿ. ಬಸಿರು ಖಚಿತವಾದ ಕೂಡಲೇ ಡಾಕ್ಟರು ಡೈಮೀಥೈಲ್ ಫ್ಯೂಮರೇಟ್ ಗುಳಿಗೆ ನಿಲ್ಲಿಸಿದರು. ಗುಳಿಗೆ ಇಲ್ಲದೆಯೂ ಕಾಲಿನ ಜೋಮು, ಸುಸ್ತು ಕಡಿಮೆಯಾಗಿವೆ. ರೋಗವೇ ಹೋಯಿತು ಎನ್ನುತ್ತಾರೆ ಮನೆಯವರು. ನಿಜವೇ? ಬಾಣಂತನಕ್ಕೆ ಚಿಂಚೋಳಿ ಕಡೆಯ ತವರಿಗೆ ಹೋಗುತ್ತೇನೆ.
– ಓದುಗರು, ಆಳಂದ

ಉತ್ತರ: ರೋಗ ಹೋಗಿಲ್ಲ, ತಣ್ಣಗಾಗಿದೆ. ಎಂಎಸ್‌ನಲ್ಲಿ ದೇಹದ ರಕ್ಷಣಾ ಕೋಶಗಳೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುತ್ತವೆ. ಇದರಲ್ಲಿ ಟಿಎಚ್1, ಟಿಎಚ್17 ಎಂಬ ಟಿ ಕೋಶಗಳ ಪಾತ್ರ ದೊಡ್ಡದು. ಹೊಟ್ಟೆಯಲ್ಲಿರುವ ಕೂಸಿನ ಅರ್ಧ ಗುಣ ತಂದೆಯದು. ಅದನ್ನು ಹೊರಗಿನದೆಂದು ತಳ್ಳಿಬಿಡದಂತೆ ತಾಯಿಯ ರಕ್ಷಣಾ ವ್ಯವಸ್ಥೆ ತನ್ನ ಸಮತೋಲ ಬದಲಿಸಿಕೊಳ್ಳುತ್ತದೆ: ಈ ಕೋಶಗಳ ಅಬ್ಬರ ಇಳಿಯುತ್ತದೆ, ಅವನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳಿಗೆ ಬಲ ಬರುತ್ತದೆ. ಮಾಸಿನಲ್ಲಿ ತಯಾರಾಗುವ ಎಸ್ಟ್ರಿಯಾಲ್ ಮತ್ತು ಪ್ರೊಜೆಸ್ಟೆರಾನ್ ಹಾರ್ಮೋನುಗಳು ಇದಕ್ಕೆ ಒತ್ತಾಸೆ. ಕೊನೆಯ ಮೂರು ತಿಂಗಳಲ್ಲಿ ಇವುಗಳ ಮಟ್ಟ ತುಂಬಾ ಹೆಚ್ಚು. ನಿಮಗೀಗ ಹಾಯೆನಿಸುತ್ತಿರುವುದು ಅದಕ್ಕೇ.

ಮಾಸು ಹೊರಬಿದ್ದ ಮೇಲೆ ಆ ಹಾರ್ಮೋನುಗಳು ಕೆಲವೇ ದಿನಗಳಲ್ಲಿ ಕುಸಿಯುತ್ತವೆ, ಹಳೆಯ ಸಮತೋಲ ಮರಳುತ್ತದೆ. 1998ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು 254 ಮಹಿಳೆಯರ ಬಸಿರುಗಳನ್ನು ಗಮನಿಸಿತ್ತು. ಬಸಿರಿಗೆ ಹಿಂದಿನ ವರ್ಷ ಹತ್ತು ಮಹಿಳೆಯರಲ್ಲಿ ವರ್ಷಕ್ಕೆ ಏಳು ಬಾರಿ ರೋಗ ಮರುಕಳಿಸುತ್ತಿತ್ತು. ಕೊನೆಯ ಮೂರು ತಿಂಗಳಲ್ಲಿ ಆ ವೇಗ ಎರಡಕ್ಕೆ ಇಳಿಯಿತು, ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಹನ್ನೆರಡಕ್ಕೆ ಏರಿತು, ಆಮೇಲೆ ಮೊದಲಿನ ಮಟ್ಟಕ್ಕೆ ಬಂತು. ಹಾಗಿದ್ದರೂ ಆ ಮೂರು ತಿಂಗಳಲ್ಲಿ ಶೇ. 72ರಷ್ಟು ಬಾಣಂತಿಯರಿಗೆ ಏನೂ ಆಗಲಿಲ್ಲ. ಆದ್ದರಿಂದ ಹೆದರಬೇಡಿ, ಆದರೆ ತಯಾರಿ ಈಗಲೇ ಮಾಡಿ.

ಹೆರಿಗೆಯ ನಂತರ ಯಾವ ಔಷಧ, ಯಾವ ದಿನದಿಂದ ಎಂದು ನರರೋಗ ತಜ್ಞರಿಂದ ಈಗಲೇ ಬರೆಸಿಕೊಳ್ಳಿ. ತಾಯಿ ಕಾರ್ಡಿನಲ್ಲೂ ಎಂಎಸ್ ಎಂದು ನಮೂದಿಸಲು ಹೇಳಿ. ಎದೆಹಾಲು ಖಂಡಿತ ಕೊಡಿ. ಮೊದಲ ತಿಂಗಳುಗಳಲ್ಲಿ ಬರೀ ಎದೆಹಾಲು ಕೊಟ್ಟವರಲ್ಲಿ ಮರುಕಳಿಕೆ ಕಡಿಮೆ ಕಂಡುಬಂದಿದೆ. ಹಾಲೂಡಿಸುವಾಗ ಇಂಟರ್‌ಫೆರಾನ್ ಬೀಟಾ ಅಥವಾ ಗ್ಲಾಟಿರಾಮರ್ ಚುಚ್ಚುಮದ್ದು ತೆಗೆದುಕೊಳ್ಳಬಹುದು. ನಿಮ್ಮ ಹಳೆಯ ಗುಳಿಗೆ ಆಗ ಸಾಮಾನ್ಯವಾಗಿ ಬೇಡ. ರಾತ್ರಿ ಒಂದು ಹೊತ್ತಿನ ಹಾಲನ್ನು ಹಿಂಡಿಟ್ಟರೆ ಬೇರೆಯವರು ಕುಡಿಸಬಹುದು, ನಿಮಗೂ ನಿದ್ದೆ ಸಿಗುತ್ತದೆ.

ತವರಿನವರಿಗೆ ಒಂದು ಮಾತು. ಬಚ್ಚಲಿನಲ್ಲಿ ಕುದಿನೀರು ಹುಯ್ಯುವುದು, ಕಿಟಕಿ ಮುಚ್ಚಿ ಕೆಂಡದ ಹೊಗೆ ಹಾಕುವುದು ಎಂಎಸ್ ಇರುವ ಬಾಣಂತಿಗೆ ಬೇಡವೇ ಬೇಡ. ಹೊದಿಕೆ ಕಳೆದುಕೊಂಡ ನರಕ್ಕೆ ಶಾಖ ತಡೆಯದು. ಮೈತಾಪ ಅರ್ಧ ಡಿಗ್ರಿ ಏರಿದರೂ ಕಣ್ಣು ಮಂಜಾಗಬಹುದು, ಕಾಲು ಕುಸಿಯಬಹುದು. ಅಂಥ ಸ್ಥಿತಿಯಲ್ಲಿ ಕೂಸನ್ನು ಎತ್ತಿಕೊಂಡು ನಡೆಯುವುದು ಅಪಾಯ. ಮೈ ತಂಪಾದರೆ ಇದು ತಾನೇ ಸರಿಹೋಗುತ್ತದೆ, ಮರುಕಳಿಕೆಯಲ್ಲ. ಉಗುರುಬೆಚ್ಚಗಿನ ನೀರು, ಗಾಳಿಯಾಡುವ ಕೋಣೆ ಸಾಕು. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಂತೂ ಕೂಲರ್ ಹಾಕಿಕೊಳ್ಳಿ, ಯಾರೇನೆಂದರೂ ಸರಿ.

ಜ್ವರವಿಲ್ಲದೆ ಹೊಸ ಲಕ್ಷಣ 24 ಗಂಟೆ ದಾಟಿದರೆ ಮಾತ್ರ ಮರುಕಳಿಕೆಯ ಸಂಶಯ. ಆಗಲೂ ಮೊದಲು ಮೂತ್ರ ಪರೀಕ್ಷೆ ಮಾಡಿಸಿ; ಸೋಂಕಿದ್ದರೂ ಹಳೆಯ ಲಕ್ಷಣ ಕೆರಳುತ್ತದೆ. ಮರುಕಳಿಕೆ ಖಚಿತವಾದರೆ ಸಾಮಾನ್ಯವಾಗಿ ಮಿಥೈಲ್‌ಪ್ರೆಡ್ನಿಸಲೋನ್ ದಿನಕ್ಕೆ 1 ಗ್ರಾಂನಂತೆ ಮೂರರಿಂದ ಐದು ದಿನ ರಕ್ತನಾಳದ ಮೂಲಕ ಕೊಡುತ್ತಾರೆ. ಪ್ರತಿ ಡೋಸ್ ಮುಗಿದು ಎರಡರಿಂದ ನಾಲ್ಕು ಗಂಟೆಯ ನಂತರ ಹಾಲೂಡಿಸಿ.

ಪ್ರಶ್ನೆ: ಎಂಎಸ್‌ಗೆ ಫಿಂಗೋಲಿಮಾಡ್ ತೆಗೆದುಕೊಳ್ಳುತ್ತಿದ್ದೇನೆ. ಮಗು ಬೇಕು. ಗುಳಿಗೆ ಬಿಟ್ಟುಬಿಡಲೇ?
– ಓದುಗರು, ಶಹಾಪುರ

ಉತ್ತರ: ನೀವಾಗಿಯೇ ಬಿಡಬೇಡಿ. ಇದು ಮಗುವಿನ ಬೆಳವಣಿಗೆಗೆ ತೊಂದರೆ ಮಾಡಬಹುದಾದ ಔಷಧ, ಗರ್ಭ ಧರಿಸುವ ಎರಡು ತಿಂಗಳ ಮೊದಲೇ ನಿಲ್ಲಬೇಕು ನಿಜ. ಆದರೆ ಇದು ರಕ್ಷಣಾ ಕೋಶಗಳನ್ನು ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ಕೂಡಿಹಾಕಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಅವೆಲ್ಲ ಹೊರಬಂದು ರೋಗ ಮೊದಲಿಗಿಂತ ಜೋರಾಗಿ ಎದ್ದೇಳಬಹುದು. ಬಸಿರಿನ ರಕ್ಷಣೆ ಅದನ್ನು ತಡೆಯುತ್ತದೆಂಬ ಭರವಸೆ ಇಲ್ಲ. ನಡುವೆ ಬೇರೆ ಯಾವ ಔಷಧಕ್ಕೆ ಬದಲಿಸಬೇಕೆಂದು ತಜ್ಞರು ನಿರ್ಧರಿಸುವವರೆಗೆ ಗರ್ಭನಿರೋಧಕ ಮುಂದುವರಿಸಿ. ಫೋಲಿಕ್ ಆಮ್ಲ ದಿನಕ್ಕೆ 400 ಮೈಕ್ರೋಗ್ರಾಂ ಈಗಿನಿಂದಲೇ ಶುರುಮಾಡಬಹುದು.

ಟೆರಿಫ್ಲುನೊಮೈಡ್ ಎಂಬ ಇನ್ನೊಂದು ಎಂಎಸ್ ಗುಳಿಗೆ ತೆಗೆದುಕೊಳ್ಳುವವರೂ ಇದನ್ನು ಓದುತ್ತಿರಬಹುದು. ಅದು ನಿಲ್ಲಿಸಿದ ಮೇಲೂ ಎರಡು ವರ್ಷದವರೆಗೆ ರಕ್ತದಲ್ಲಿ ಉಳಿಯಬಲ್ಲದು. ಕೊಲೆಸ್ಟೈರಮೈನ್ ಪುಡಿ 8 ಗ್ರಾಂ, ದಿನಕ್ಕೆ ಮೂರು ಸಲ, 11 ದಿನ ಕೊಟ್ಟು ಅದನ್ನು ಹೊರಹಾಕಿಸುತ್ತಾರೆ. ನಂತರ ಕನಿಷ್ಠ 14 ದಿನಗಳ ಅಂತರದಲ್ಲಿ ಎರಡು ರಕ್ತಪರೀಕ್ಷೆ; ಗರ್ಭ ಧರಿಸುವ ಮೊದಲು ಎರಡರಲ್ಲೂ ಔಷಧದ ಮಟ್ಟ ಲೀಟರಿಗೆ 0.02 ಮಿಲಿಗ್ರಾಂಗಿಂತ ಕಡಿಮೆ ಬರಬೇಕು.

ಪ್ರಶ್ನೆ: ಎಂಎಸ್ ಇದ್ದರೆ ಸಿಸೇರಿಯನ್ನೇ ಆಗಬೇಕೇ? ಮಗುವಿಗೂ ಬರುತ್ತದೆಯೇ?
– ಓದುಗರು, ಭಾಲ್ಕಿ

ಉತ್ತರ: ಎಂಎಸ್ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಡ. ಕಾಲುಗಳಲ್ಲಿ ತೀರಾ ಶಕ್ತಿ ಇಲ್ಲದಿದ್ದರೆ ಹೆರಿಗೆ ತಜ್ಞರು ಯೋಚಿಸುತ್ತಾರೆ. ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್‌ನಿಂದ ಮರುಕಳಿಕೆ ಹೆಚ್ಚುವುದಿಲ್ಲ. ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಎರಡು-ಮೂರು. ಬೇರೆಯವರಿಗಿಂತ ಹೆಚ್ಚು ನಿಜ, ಆದರೂ ನೂರರಲ್ಲಿ ತೊಂಬತ್ತೇಳು ಮಕ್ಕಳಿಗೆ ಅದು ಬರುವುದಿಲ್ಲ.