ಹಲ್ಲು ಹುಟ್ಟಿಸುವ ಔಷಧಿ 2030ಕ್ಕೆ ಬರುತ್ತಂತೆ, ಅಲ್ಲಿವರೆಗೆ ಇಂಪ್ಲಾಂಟ್ ಹಾಕಿಸದೆ ಕಾಯಬಹುದಾ?

ಹುಳುಕು ಹಿಡಿದ ದವಡೆ ಹಲ್ಲು ಕೀಳಿಸಿದ್ದೀರಿ, ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಾಕುವ ಹಲ್ಲು) ಬಿಟ್ಟು ಜಪಾನಿನ ಔಷಧಿಗೆ ಕಾಯೋಣ ಅಂತಿದ್ದೀರಿ. ನಾನೂ ಹೀಗೇ ಕಾದವನು.

ನನ್ನ ಕೆಳದವಡೆಯ ಹಲ್ಲು ಹೋಗಿದ್ದು 2009ರಲ್ಲಿ, ಅಡಿಕೆ ಕೊಯ್ಲಿನ ಹೊತ್ತು. ಶಿವಮೊಗ್ಗದಲ್ಲಿ ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡೇ ತೀರ್ಥಹಳ್ಳಿ ಬಸ್ಸು ಹತ್ತಿದೆ. ಗಾಯ ಮಾಗಿದ ಮೇಲೆ ಬನ್ನಿ, ಬ್ರಿಜ್ (ಅಕ್ಕಪಕ್ಕದ ಹಲ್ಲಿನ ಆಸರೆಯಲ್ಲಿ ಕೂರಿಸುವ ಕಟ್ಟಿದ ಹಲ್ಲು) ಮಾಡೋಣ ಅಂದಿದ್ದರು ಡಾಕ್ಟರು. ಹೋಗಲಿಲ್ಲ. ಅದೇ ವರ್ಷ ಜಪಾನಿನ ತಕಾಶಿ ತ್ಸುಜಿ ಅವರ ತಂಡ ಇಲಿಯ ಬಾಯಲ್ಲಿ ಹೊಸ ಹಲ್ಲು ಬೆಳೆಸಿದ ಸುದ್ದಿ ಓದಿದ್ದೆ. ಸುದ್ದಿ ನಿಜವೇ. ಎರಡು ಬಗೆಯ ಜೀವಕೋಶ ಸೇರಿಸಿ ಹಲ್ಲಿನ ಮೊಗ್ಗು ಮಾಡಿ, ಬೆಳೆದ ಇಲಿಯ ದವಡೆಗೆ ನೆಟ್ಟಿದ್ದರು. ಅದು ಒಸಡಿನಿಂದ ಮೇಲೆ ಬಂತು, ಅಗಿಯೋಕೂ ಆಯ್ತು, ನೋವೂ ತಿಳಿಯುತ್ತಿತ್ತು. ಆದರೆ ಆ ಕೋಶಗಳನ್ನು ತೆಗೆದಿದ್ದು ಇಲಿಯ ಭ್ರೂಣದಿಂದ. ದೊಡ್ಡವರಾದ ನಮ್ಮ ಬಾಯಲ್ಲಿ ಅಂಥ ಕೋಶ ಎಲ್ಲಿಂದ ತರೋದು? ಅದರ ಹುಡುಕಾಟ ಇನ್ನೂ ನಡೀತಿದೆ.

ನನಗೆ ದುಬಾರಿಯಾಗಿದ್ದು ಆ ಜಾಗವನ್ನು ಸುಮ್ನೆ ಖಾಲಿ ಬಿಟ್ಟಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ನನಗೆ ಯಾರೂ ಹೇಳಿರಲಿಲ್ಲ. ಹಲ್ಲು ಹೋದ ಮೇಲೆ ಅದನ್ನು ಹಿಡಿದಿಟ್ಟಿದ್ದ ಮೂಳೆ ಕರಗುತ್ತೆ. ಮೊದಲ ವರ್ಷದಲ್ಲೇ ಅದರ ಅಗಲ ಹೆಚ್ಚುಕಡಿಮೆ ಅರ್ಧದಷ್ಟು ಇಳಿಯಬಹುದು. ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತೆ. ಎದುರಿಗೆ ತಡೆ ಇಲ್ಲದ ಮೇಲಿನ ಹಲ್ಲು ಕೆಳಗೆ ಇಳಿಯುತ್ತೆ. ಇದ್ಯಾವುದೂ ನೋಯಲ್ಲ, ಹಾಗಾಗಿ ಗೊತ್ತೇ ಆಗಲ್ಲ. ನಾನು ಇನ್ನೊಂದು ಪಕ್ಕದಲ್ಲಿ ಅಗಿದುಕೊಂಡು ವರ್ಷಗಟ್ಟಲೆ ಆರಾಮಾಗಿದ್ದೆ. ವಾಲಿದ ಹಲ್ಲಿನ ಸಂದಿಗೆ ಅಡಿಕೆ ಚೂರು ಹೋದರೆ ಬ್ರಷ್ಷಿಗೂ ಸಿಗದು, ಕಡ್ಡಿಗೂ ಸಿಗದು. ಕೊನೆಗೆ ಅದೂ ಹುಳುಕಾಯ್ತು.

ಆ ನೋವಿಗೆ ಮತ್ತೆ ಶಿವಮೊಗ್ಗಕ್ಕೆ ಹೋದಾಗ ಡಾಕ್ಟರು ಕೈಗೆ ಕನ್ನಡಿ ಕೊಟ್ಟು, ಕೆನ್ನೆ ಪಕ್ಕಕ್ಕೆ ಸರಿಸಿ, ಹಲ್ಲು ಕಚ್ಚಿ ಅಂದರು. ಮೇಲಿನ ದವಡೆ ಹಲ್ಲು ಇಳಿದು ಕೆಳಗಿನ ಒಸಡಿಗೇ ಕೂರುತ್ತಿತ್ತು. ಬಾಯಿ ತೆರೆದಾಗ ಒಸಡಿನ ಮೇಲೆ ಅದು ಒತ್ತಿದ ಗುಳಿ ಕಂಡಿತು. ಇಂಪ್ಲಾಂಟಿಗೆ ಮೂಳೆ ಸಾಲದು ಅಂತ ಮೊದಲು ಮೂಳೆ ಪುಡಿ ತುಂಬಿಸಬೇಕಾಯ್ತು. ಇಳಿದ ಹಲ್ಲಿಗೆ ರೂಟ್ ಕೆನಾಲ್ ಮಾಡಿ, ಉಜ್ಜಿ ಗಿಡ್ಡ ಮಾಡಿ ಕ್ಯಾಪ್ ಹಾಕಿದರು. ವಾಲಿದ ಹಲ್ಲಿಗೂ ರೂಟ್ ಕೆನಾಲ್. ಒಂದು ಹಲ್ಲಿನ ಖರ್ಚು ಮೂರು ಹಲ್ಲಿಗಾಯ್ತು.

ಈಗ ನಿಮ್ಮ 2030ರ ಔಷಧಿ. ಅದು ಕತ್ಸು ತಕಾಹಾಶಿ ಅವರ ತಂಡದ್ದು. ಹಲ್ಲು ಬೆಳೆಯದಂತೆ ತಡೆಯುವ ಯುಸಾಗ್-1 ಅನ್ನೋ ಪ್ರೋಟೀನನ್ನು ಅದು ಕಟ್ಟಿಹಾಕುತ್ತೆ. ಇಲಿ, ಫೆರೆಟ್ (ಮುಂಗುಸಿಯಂಥ ಪುಟ್ಟ ಪ್ರಾಣಿ) ಗಳಲ್ಲಿ ಹಲ್ಲು ಬಂದಿದ್ದು 2021ರಲ್ಲಿ ಪ್ರಕಟವಾಯ್ತು. 2024ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮನುಷ್ಯರ ಮೇಲೆ ಪ್ರಯೋಗ ಶುರುವಾಯ್ತು. 30 ಗಂಡಸರ ಮೇಲೆ, ಅದೂ ಮೊದಲು ಔಷಧಿ ಅಪಾಯವಿಲ್ಲ ಅಂತ ನೋಡೋಕೆ. ಅವರ ಮೊದಲ ಗುರಿ ಹುಟ್ಟಿನಿಂದಲೇ ಹಲ್ಲುಗಳಿಲ್ಲದವರು. ಅಂಥ ಮಕ್ಕಳಿಗೆ ಇದು ಬಂದರೆ ದೊಡ್ಡ ವರ, ಬರಲಿ ಅಂತ ಮನಸಾರೆ ಬಯಸ್ತೇನೆ. ಹುಳುಕಿಗೆ ಹಲ್ಲು ಕಳಕೊಂಡ ನಮ್ಮ ಸರದಿ ಅವರ ನಂತರ.

ಹಾಗಾಗಿ ಕಾಯೋದಾ, ಇಂಪ್ಲಾಂಟಾ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ನೀವು ಕಾದರೂ ಆ ಜಾಗ ಕಾಯಲ್ಲ. ಮುಂದೆ ನಿಜವಾಗ್ಲೂ ಹಲ್ಲು ಹುಟ್ಟಿಸಿದರೂ ಅದು ಕೂರೋಕೆ ಜಾಗ ಬೇಕಲ್ವಾ? ಮೂಳೆ ಇರುವಾಗಲೇ ಇಂಪ್ಲಾಂಟ್ ಹಾಕಿಸಿ. ದುಡ್ಡಿಲ್ಲದಿದ್ದರೆ ಸದ್ಯಕ್ಕೆ ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಾದರೂ ಮಾಡಿಸಿ; ಅದು ಮೂಳೆ ಉಳಿಸಲ್ಲ, ಆದರೆ ಅಕ್ಕಪಕ್ಕದ ಹಲ್ಲು ವಾಲದಂತೆ ತಡೆಯುತ್ತೆ. ಕವಳಕ್ಕೆ ಹೊಗೆಸೊಪ್ಪು ಹಾಕೋ ಅಭ್ಯಾಸ ಇದ್ದರೆ ಅದನ್ನು ಮೊದಲು ಬಿಡಿ. ಈ ವಾರವೇ ಡಾಕ್ಟರ ಹತ್ತಿರ ಹೋಗಿ ಎರಡು ಮಾತು ಕೇಳಿ: ಮೂಳೆ ಎಷ್ಟು ಉಳಿದಿದೆ, ಮೇಲಿನ ಹಲ್ಲು ಇಳಿಯೋಕೆ ಶುರುವಾಗಿದೆಯಾ. ಕೊಯ್ಲು ಮುಗೀಲಿ ಅಂತ ಮುಂದೆ ಹಾಕಬೇಡಿ.