‘ವೆರಿ ಬೆಟರ್’ ಯಾಕೆ ತಪ್ಪು?

ಪ್ರಶ್ನೆ: ಮೇಡಂ, ಕೆಲಸದ ಅರ್ಜಿಯಲ್ಲಿ ಹೀಗೆ ಬರೆದಿದ್ದೆ: ‘ಯುವರ್ ಕಂಪನಿ ಈಸ್ ವೆರಿ ಬೆಟರ್ ದ್ಯಾನ್ ಮೈ ಪ್ರೆಸೆಂಟ್ ಕಂಪನಿ ಅಂಡ್ ಐ ಆಮ್ ಟೂ ಇಂಟರೆಸ್ಟೆಡ್ ಟು ಜಾಯಿನ್.’ ಓದಿದ ಗೆಳತಿ ಎರಡು ತಪ್ಪಿವೆ ಎಂದಳು. ಯಾಕೆ ತಪ್ಪು ಅಂತ ಬಿಡಿಸಿ ಹೇಳಲು ಅವಳಿಗೂ ಆಗಲಿಲ್ಲ. ನೀವು ಹೇಳ್ತೀರಾ?

ಉತ್ತರ: ಕಳಿಸುವ ಮುಂಚೆ ತೋರಿಸಿದ್ದು ಒಳ್ಳೆಯದಾಯಿತು. ಎರಡರಲ್ಲಿ ಒಂದು ಸಣ್ಣ ತಪ್ಪು. ಇನ್ನೊಂದು ಅರ್ಥವನ್ನೇ ತಿರುಗಿಸುತ್ತದೆ. ಅದನ್ನೇ ಮೊದಲು ನೋಡೋಣ.

‘ಟೂ’ ಅಂದರೆ ‘ತುಂಬಾ’ ಅಂತ ಅನೇಕರು ಅಂದುಕೊಂಡಿರುತ್ತಾರೆ. ನಿಜಕ್ಕೂ ಅದು ‘ಬೇಕಾದ್ದಕ್ಕಿಂತ ಜಾಸ್ತಿ’. ಮುಂದೆ ‘ಟು’ ಜೊತೆ ಕ್ರಿಯಾಪದ ಬಂದರೆ, ಆ ಕೆಲಸ ಆಗುವುದಿಲ್ಲ ಎಂಬ ಅರ್ಥ ತಾನಾಗಿ ಸೇರಿಕೊಳ್ಳುತ್ತದೆ. ‘ದಿ ಬಾಕ್ಸ್ ಈಸ್ ಟೂ ಹೆವಿ ಟು ಲಿಫ್ಟ್’ ಅಂದರೆ ಪೆಟ್ಟಿಗೆ ಎತ್ತಲಾಗದಷ್ಟು ಭಾರ. ‘ನಾಟ್’ ಎಲ್ಲೂ ಇಲ್ಲ, ಆದರೂ ಎತ್ತೋಕಾಗಲ್ಲ ಅನ್ನುವುದು ಅದರೊಳಗೇ ಇದೆ ಅಲ್ವಾ? ಹಾಗೆ ನೋಡಿದರೆ ನಿಮ್ಮ ವಾಕ್ಯ ‘ಸೇರಲಾಗದಷ್ಟು ಆಸಕ್ತಿ ಇದೆ’ ಎನ್ನುತ್ತಿದೆ. ಓದುವವರು ನಿಮ್ಮ ಮನಸ್ಸಿನಲ್ಲಿ ಇದ್ದದ್ದನ್ನು ಊಹಿಸಿಕೊಂಡಾರು. ಆದರೆ ಅರ್ಜಿಯಲ್ಲಿ ಅವರಿಗೆ ಆ ಕಷ್ಟ ಯಾಕೆ? ‘ಐ ಆಮ್ ವೆರಿ ಇಂಟರೆಸ್ಟೆಡ್ ಇನ್ ಜಾಯಿನಿಂಗ್’ ಎಂದು ಬರೆಯಿರಿ. ‘ಐ ಆಮ್ ಓನ್ಲಿ ಟೂ ಹ್ಯಾಪಿ ಟು ಹೆಲ್ಪ್’ ಎಂಬ ಮಾತನ್ನು ನೀವು ಕೇಳಿರಬಹುದು. ಅಲ್ಲಿ ‘ಓನ್ಲಿ’ ಸೇರಿದ್ದರಿಂದ ‘ಖಂಡಿತ ಖುಷಿಯಿಂದ ಮಾಡ್ತೀನಿ’ ಎಂಬ ಅರ್ಥ ಬರುತ್ತದೆ. ಅದನ್ನು ನೋಡಿ ಬೇರೆ ಕಡೆಯೂ ‘ಟೂ’ ಹಾಕಬೇಡಿ.

ಇನ್ನು ‘ವೆರಿ ಬೆಟರ್’. ಒಂದು ಗುಣ ಎಷ್ಟಿದೆ ಎಂದು ಹೇಳುವುದು ‘ವೆರಿ’ಯ ಕೆಲಸ: ವೆರಿ ಗುಡ್, ವೆರಿ ಟಾಲ್. ‘ಬೆಟರ್’, ‘ಟಾಲರ್’ ಎಂದ ಕೂಡಲೇ ಮಾತು ಬೇರೆಯಾಗುತ್ತದೆ. ಈಗ ಎರಡರ ನಡುವಿನ ಅಂತರ ಎಷ್ಟು ಎಂದು ಹೇಳಬೇಕು. ಅದಕ್ಕೆ ‘ಮಚ್’, ‘ಫಾರ್’, ‘ಅ ಲಾಟ್’ ಇವೆ: ಮಚ್ ಬೆಟರ್, ಫಾರ್ ಟಾಲರ್. ಅಂತರ ಚಿಕ್ಕದಾದರೆ ‘ಅ ಲಿಟಲ್ ಬೆಟರ್’ ಅಥವಾ ‘ಸ್ಲೈಟ್ಲಿ ಬೆಟರ್’.

ಈ ತಪ್ಪು ಕನ್ನಡದಲ್ಲಿ ಯೋಚಿಸಿ ಬರೆಯುವವರಿಂದ ಸಹಜವಾಗಿಯೇ ಆಗುತ್ತದೆ. ‘ತುಂಬಾ ಎತ್ತರ’ ಅನ್ನುತ್ತೇವೆ, ‘ಅವಳಿಗಿಂತ ತುಂಬಾ ಎತ್ತರ’ ಅಂತಲೂ ಅನ್ನುತ್ತೇವೆ. ‘ತುಂಬಾ’ ಬದಲಾಗುವುದಿಲ್ಲ, ‘ಎತ್ತರ’ವೂ ಬದಲಾಗುವುದಿಲ್ಲ. ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ ಒಂದೇ ಹೊರುತ್ತದೆ. ‘ಶೀ ಈಸ್ ಟಾಲ್ ದ್ಯಾನ್ ಮಿ’ ಎಂದು ಬರೆಯುವವರ ತಪ್ಪಿನ ಬೇರೂ ಇಲ್ಲೇ ಇದೆ. ಇಂಗ್ಲಿಷ್‌ಗೆ ‘ದ್ಯಾನ್’ ಒಂದೇ ಸಾಲದು, ‘ಟಾಲ್’ ಕೂಡ ‘ಟಾಲರ್’ ಆಗಬೇಕು.

ಹಾಗಂತ ‘ಮೋರ್ ಬೆಟರ್’ ಮಾಡಬೇಡಿ. ‘ಬೆಟರ್’ ಒಳಗೇ ‘ಮೋರ್’ ಇದೆ. ಷೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕದಲ್ಲಿ ಆಂಟನಿ ‘ದಿ ಮೋಸ್ಟ್ ಅನ್‌ಕೈಂಡೆಸ್ಟ್ ಕಟ್ ಆಫ್ ಆಲ್’ ಎನ್ನುತ್ತಾನೆ. ಆ ಕಾಲದಲ್ಲಿ ಒತ್ತು ಕೊಡಲು ಹೀಗೆ ಎರಡೆರಡು ಸಲ ಹೇಳುವುದು ನಡೆಯುತ್ತಿತ್ತು. 1762ರಲ್ಲಿ ವ್ಯಾಕರಣ ಪುಸ್ತಕ ಬರೆದ ರಾಬರ್ಟ್ ಲೌತ್ ಇದು ಸರಿಯಲ್ಲ ಎಂದ. ಇವತ್ತಿನ ಬರವಣಿಗೆಯಲ್ಲೂ ಇದನ್ನು ತಪ್ಪೆಂದೇ ಎಣಿಸುತ್ತಾರೆ.

ಕೇಳದಿದ್ದರೂ ಒಂದು ಮಾತು. ಈಗಿನ ಕಂಪನಿಯ ಜೊತೆ ಹೋಲಿಕೆಯನ್ನು ಅರ್ಜಿಯಿಂದ ತೆಗೆದುಬಿಡಿ. ಆ ಹೊಸ ಕೆಲಸದಲ್ಲಿ ನಿಮಗೆ ಇಷ್ಟವಾದದ್ದೇನು ಎಂದು ಒಂದು ಸಾಲು ಬರೆಯಿರಿ.

ಪ್ರಶ್ನೆ: ‘ಸೀನಿಯರ್ ದ್ಯಾನ್ ಮಿ’ ಸರಿಯೋ, ‘ಸೀನಿಯರ್ ಟು ಮಿ’ ಸರಿಯೋ?

ಉತ್ತರ: ‘ಸೀನಿಯರ್ ಟು ಮಿ’. ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಕೂಡ ಹೀಗೇ. ಇವು ಲ್ಯಾಟಿನ್‌ನಲ್ಲೇ ಹೋಲಿಕೆಯ ರೂಪ ಪಡೆದು ಬಂದ ಪದಗಳು. ಹುದ್ದೆಯ ಮಾತು ಬಂದಾಗ ‘ಮೋರ್ ಸೀನಿಯರ್ ದ್ಯಾನ್’ ಎಂದೂ ಬರೆಯುತ್ತಾರೆ, ಅದು ತಪ್ಪಲ್ಲ. ‘ಮೋರ್’ ಬಿಟ್ಟು ಬರೀ ‘ಸೀನಿಯರ್ ದ್ಯಾನ್’ ಎಂದರೆ ಮಾತ್ರ ತಪ್ಪು. ‘ಪ್ರಿಫರ್’ ಕ್ರಿಯಾಪದವೂ ‘ಟು’ ಕೇಳುತ್ತದೆ: ‘ಐ ಪ್ರಿಫರ್ ವಾಕಿಂಗ್ ಟು ರನ್ನಿಂಗ್.’

ಪ್ರಶ್ನೆ: ‘ಟಾಲರ್ ದ್ಯಾನ್ ಮಿ’ ಅಂದರೆ ನಮ್ಮ ಮೇಷ್ಟ್ರು ‘ದ್ಯಾನ್ ಐ’ ಎಂದು ತಿದ್ದುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ನಡೆಯುತ್ತವೆ. ಮಾತಿನಲ್ಲಿ ‘ದ್ಯಾನ್ ಮಿ’ ಸಹಜ. ಪರೀಕ್ಷೆಯಲ್ಲಿ ‘ಟಾಲರ್ ದ್ಯಾನ್ ಐ ಆಮ್’ ಎಂದು ಪೂರ್ತಿ ಬರೆದರೆ ಯಾರೂ ತಕರಾರು ಮಾಡುವುದಿಲ್ಲ. ಆದರೆ ‘ಶೀ ಲೈಕ್ಸ್ ಹಿಮ್ ಮೋರ್ ದ್ಯಾನ್ ಮಿ’ ಎಂಬಂಥ ವಾಕ್ಯದಲ್ಲಿ ಹುಷಾರು. ಅವಳಿಗೆ ನನಗಿಂತ ಅವನು ಇಷ್ಟ ಅಂತಲೋ, ನಾನು ಅವನನ್ನು ಇಷ್ಟಪಡುವುದಕ್ಕಿಂತ ಅವಳು ಜಾಸ್ತಿ ಇಷ್ಟಪಡುತ್ತಾಳೆ ಅಂತಲೋ? ಮೊದಲನೆಯದಾದರೆ ‘ದ್ಯಾನ್ ಶೀ ಲೈಕ್ಸ್ ಮಿ’, ಎರಡನೆಯದಾದರೆ ‘ದ್ಯಾನ್ ಐ ಡೂ’ ಎಂದು ಬಿಡಿಸಿ ಬರೆಯಿರಿ.