ಹಾಲ್ ದೊಡ್ಡದಾಗಬೇಕಾದರೆ ಮೊದಲು ಪ್ಯಾಸೇಜ್ ನೋಡಿ

30×40 ಸೈಟಿನ ಪ್ಲಾನ್‌ನಲ್ಲಿ ಹಾಲ್ ಬರೀ 10×12 ಬಂದಿದೆ, ರೂಮುಗಳನ್ನು ಚಿಕ್ಕದು ಮಾಡದೆ ಹಿಗ್ಗಿಸಬಹುದಾ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ, ಇನ್ನೂ ಪಾಯ ತೋಡಿಲ್ಲ ಅಲ್ವಾ.

ರೂಮುಗಳಿಗೆ ಹೋಗುವ ಪ್ಯಾಸೇಜ್ ನೋಡಿ. 3 ಅಡಿ ಅಗಲ, 12 ಅಡಿ ಉದ್ದ ಅಂದರೆ 36 ಚದರ ಅಡಿ ಸುಮ್ನೆ ಓಡಾಟಕ್ಕೇ ಹೋಯಿತು. ಹಾಲ್ ಮತ್ತು ಊಟದ ಜಾಗದ ನಡುವಿನ ಗೋಡೆ ತೆಗೆಸಿ, ರೂಮಿನ ಬಾಗಿಲುಗಳನ್ನು ಆ ತೆರೆದ ಜಾಗದ ಕಡೆಗೇ ಇಡಿಸಿದರೆ ಪ್ಯಾಸೇಜೇ ಬೇಕಾಗುವುದಿಲ್ಲ. ಬಂದವರಿಗೆಲ್ಲ ಅಡುಗೆಮನೆ ಕಾಣುತ್ತದೆ ಅಂತ ಮನೆಯ ಹಿರಿಯರು ಗೊಣಗಬಹುದು. ಅದಕ್ಕೆ ಒಂದು ಮರದ ಜಾಲರಿ ಸಾಕು. ಆದರೆ ಗೋಡೆ ತೆಗೆದ ಕಡೆ ಬೀಮ್ ಬೇಕಾ ಅಂತ ಇಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿ, ಇಲ್ಲಿ ಮೇಸ್ತ್ರಿ ಮಾತು ಸಾಲದು.

ಪಿಲ್ಲರ್ ಮನೆಯಾದರೆ, ಅಂದರೆ ಭಾರ ಹೊರುವುದು ಗೋಡೆಯಲ್ಲ, ಪಿಲ್ಲರ್ ಆದರೆ, ಒಳಗೋಡೆಗೆ 9 ಇಂಚು ಯಾಕೆ? 4 ಇಂಚಿನ ಬ್ಲಾಕ್ ಹಾಕಿಸಿದರೆ ಒಂದೊಂದು ಗೋಡೆಯಲ್ಲಿ 5 ಇಂಚು ಉಳಿಯುತ್ತದೆ. ಸೆಟ್‌ಬ್ಯಾಕ್ ಜಾಗಕ್ಕೆ, ಅಂದರೆ ನಿಯಮದಂತೆ ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗಕ್ಕೆ, ಮಾತ್ರ ಕೈ ಹಾಕಬೇಡಿ.

ಇನ್ನೊಂದು, ಬಾಗಿಲು ಗೋಡೆಯ ನಟ್ಟನಡುವೆ ಬೇಡ. ಮೂಲೆಗೆ ಸರಿಸಿ, ಇಲ್ಲದಿದ್ದರೆ ಎಷ್ಟು ದೊಡ್ಡ ಹಾಲ್ ಆದರೂ ಸೋಫಾ ಇಡಲು ಗೋಡೆ ಸಿಗುವುದಿಲ್ಲ. ಸೋಫಾ, ಟಿವಿ ಸ್ಟ್ಯಾಂಡ್ ಅಳತೆಯನ್ನು ಪ್ಲಾನ್ ಮೇಲೇ ಬರೆಸಿ ನೋಡಿ.